ಪಹಣಿಯ ತರಿ, ನಾಲೆಯ ನೀರು

ಸುಧೀಂದ್ರನು ಚಿಕ್ಕಮಾದಯ್ಯನನ್ನು ಮೊದಲು ಕಂಡದ್ದು ೧೯೯೫ರ ಶ್ರಾವಣದ ಒಂದು ಬೆಳಿಗ್ಗೆ. ಪಾಂಡವಪುರ ತಾಲ್ಲೂಕಿನಲ್ಲಿ ನಾಲೆಯ ಕಟ್ಟಕಡೆಯ ಊರು. ತೂಬಿನ ಕಲ್ಲಿನ ಮೇಲೆ ಕುಳಿತು ಆತ ಕಾಲಿನ ಕೆಸರು ತೊಳೆಯುತ್ತಿದ್ದ. ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ.

“ಓದು ಬರಹ ಬರುತ್ತದೆಯೆ, ಮಾದಯ್ಯನವರೆ?”

“ಅಂಕಿ ಬತ್ತವೆ ಅಯ್ನೋರೆ. ಅಕ್ಷರ ನನ್ನ ಕಂಡ್ರೆ ಓಡೋಯ್ತವೆ.”

ಸುಧೀಂದ್ರನಿಗೆ ಬೇಕಾಗಿದ್ದುದೂ ಅಂಕಿಯೇ. ಮೇಲುಕೋಟೆಯ ದೇವಸ್ಥಾನದ ಮನೆತನದ ಹುಡುಗ, ಬೆಂಗಳೂರಿನಲ್ಲಿ ಹವಾಮಾನದ ಸಂಶೋಧನೆಗೆ ಸೇರಿದ್ದ. ಮಳೆ ಬಿಸಿಲನ್ನು ಮುಂಚಿತವಾಗಿ ಹೇಳುವ ಕಂಪ್ಯೂಟರು ನಾಡನ್ನೆಲ್ಲ ಚೌಕಾಬಾರದ ಮನೆಗಳಂತೆ ಗೆರೆ ಎಳೆದು ನೋಡುತ್ತದೆ. ಆ ಒಂದು ಮನೆಯೊಳಗೆ ಶ್ರೀರಂಗಪಟ್ಟಣದ ಕಬ್ಬು, ಕೆ.ಆರ್. ಪೇಟೆಯ ತೆಂಗು, ನಾಗಮಂಗಲದ ಒಣ ಬೆದ್ದಲು ಎಲ್ಲವೂ ಸೇರಿಬಿಡುತ್ತವೆ. ನೀರಿರುವ ನೆಲದಲ್ಲಿ ಬಿಸಿಲಿನ ಶಾಖ ನೀರನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ. ಒಣನೆಲದಲ್ಲಿ ಮಣ್ಣನ್ನೂ ಗಾಳಿಯನ್ನೂ ಕಾಯಿಸುತ್ತದೆ. ಒಂದೊಂದು ಮನೆಯಲ್ಲಿ ಯಾವ ನೆಲ ಎಷ್ಟು ಪಾಲು ಎಂದು ಅಂದಾಜು ಮಾಡಬೇಕಿತ್ತು. ಅವನು ಪಹಣಿ ನೋಡಿ ‘ತರಿ’ ಎಂದಿದ್ದುದನ್ನೆಲ್ಲ ನೀರಿನ ನೆಲವೆಂದು ಸೇರಿಸಿದ. ಲೆಕ್ಕ ಸರಿಯೋ ತಪ್ಪೋ ತಿಳಿಯಲು ನಾಲ್ಕು ಕಡೆ ಮಣ್ಣಿನಲ್ಲಿ ಉಷ್ಣಮಾಪಕ ನೆಟ್ಟ. ಈ ಊರಿನದನ್ನು ದಿನವೂ ಮಧ್ಯಾಹ್ನ ಎರಡಕ್ಕೆ ನೋಡಿ ಬರೆಯುವುದು ಚಿಕ್ಕಮಾದಯ್ಯನ ಪಾಲಿಗೆ ಬಂತು.

ಮರುವರ್ಷದ ಮಾರ್ಚಿಯಲ್ಲಿ ಆತನ ಅಂಕಿಗಳು ಲೆಕ್ಕವನ್ನು ಮೀರಿ ಏರಿದವು. “ತರಿ ಭೂಮಿಗೆ ಇಷ್ಟು ಕಾವು ಎಲ್ಲಿಯದು? ಮನೆಯಲ್ಲಿ ಕೂತು ಬರೆದಿದ್ದಾನೆ. ಆಳನ್ನು ಬದಲಾಯಿಸಿ” ಎಂದರು ಮೇಲಿನವರು.

ಸುಧೀಂದ್ರ ಬಂದು, ತಲೆ ತಗ್ಗಿಸಿಕೊಂಡೇ ವಿಷಯ ತಿಳಿಸಿದ. ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದ ಮಾದಯ್ಯನ ಹೆಂಡತಿ ಪುಟ್ಟತಾಯಮ್ಮ, “ಮನೇಲಿ ಕೂತವ್ನೆ ಅಂದ್ರಾ? ಅಂಗೇನಾರ ಕೂತಿದ್ರೆ ನಮ್ ಸೂರಾದ್ರೂ ಸೋರ್ದಂಗೆ ಆಗಿರೋದು” ಎಂದಳು.

ಚಿಕ್ಕಮಾದಯ್ಯ ನಗಲಿಲ್ಲ. “ನೀರ್ಗಂಟಿ ಸುಳ್ಳು ಬರ್ದ ಅಂತ ಊರ್ಗೆ ಗೊತ್ತಾದ್ರೆ, ನಾಳಿಂದ ನಾನ್ ಏಳೋ ಸರದೀನ ಯಾರೂ ಒಪ್ಪಾಕಿಲ್ಲ. ಮೂವತ್ತು ವರ್ಸ ಅದೊಂದ್ರಲ್ಲೇ ಬದ್ಕಿವ್ನಿ. ಬನ್ನಿ.”

ಎರಡು ಗಂಟೆಯ ಉರಿಬಿಸಿಲು. ಗದ್ದೆಯಲ್ಲಿ ಅಂಗೈ ತೂರುವಷ್ಟು ಬಿರುಕು. ಉಷ್ಣಮಾಪಕ ನಲವತ್ತೆರಡು ತೋರಿತು.

“ಇದು ನಿಮ್ ಪುಸ್ತಕದಾಗೆ ಏನು?”

“ತರಿ.”

“ಅದು ಕಂದಾಯಕ್ಕಿಟ್ಟ ಎಸ್ರು ಕಣಪ್ಪ. ಮಳೆಗಾಲ ಕಳೆದ್ರೆ ಈ ಕೊನೇಗೆ ನಾಲೆ ನೀರು ಬರೋದೇ ಇಲ್ಲ. ಪಹಣಿ ಓದ್ಕೊಂಡು ನೆಲ ತಂಪಾಯ್ತದಾ?”

ಸುಧೀಂದ್ರನಿಗೆ ನಾಚಿಕೆಯಾಯಿತು. ಹೊಲ ಗದ್ದೆ ಇಲ್ಲದ ಮನೆಯಲ್ಲಿ ಬೆಳೆದವನು. ತರಿ ಎಂದರೆ ತೇವ ಎಂದೇ ನಂಬಿದ್ದ. ಅಲ್ಲೇ ಬದುವಿನ ಮೇಲೆ ನಕ್ಷೆ ಹರಡಿದ. ಎಂಟು ದಿನ ಇಬ್ಬರೂ ನಾಲೆಯುದ್ದಕ್ಕೂ ನಡೆದರು. ಯಾವ ತಿಂಗಳು ಯಾವ ಗದ್ದೆ ತಾಕಿನವರೆಗೆ ನೀರು ಮುಟ್ಟುತ್ತದೆಂದು ಚಿಕ್ಕಮಾದಯ್ಯ ಬಾಯಲ್ಲೇ ಹೇಳಿದ; ಸುಧೀಂದ್ರ ಬಣ್ಣ ತುಂಬಿದ. ನೀರಿನ ಪಾಲನ್ನು ತಿಂಗಳು ತಿಂಗಳಿಗೆ ತಿದ್ದಿದ ಮೇಲೆ ಲೆಕ್ಕ ಆತನ ಅಂಕಿಗೆ ಹತ್ತಿರ ಬಂತು. ಆಳನ್ನು ಬದಲಾಯಿಸುವ ಮಾತು ಅಲ್ಲಿಗೇ ನಿಂತಿತು.

ವರದಿ ಅಚ್ಚಾದಾಗ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಆತನದೇ. ಸುಧೀಂದ್ರ ಊರಿಗೆ ಬಂದು ಅದನ್ನು ಓದಿ ಹೇಳಿದ.

“ಎಸ್ರಿರ್ಲಿ ಬುಡಿ” ಎಂದ ಚಿಕ್ಕಮಾದಯ್ಯ. “ಅಂಕಿ ಸರ್ಯಾಗ್ ಆಕವ್ರಾ?”

ಈಗ ಮೂರು ವರ್ಷದಿಂದ ಆತನಿಗೆ ತಿಂಗಳಿಗೆರಡು ಸಲ ಬಸ್ಸಿನ ಓಡಾಟ. ಒಮ್ಮೆ ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟ, ಒಮ್ಮೆ ನಾಗಮಂಗಲ ಕಡೆಯ ಬಿಂಡಿಗನವಿಲೆ. ಪಹಣಿಯಲ್ಲಿರುವುದನ್ನು ನೆಲದ ಮೇಲೆ ನೋಡಿಬರುವ ಕೆಲಸವನ್ನು ಸುಧೀಂದ್ರ ಆತನಿಗೇ ಒಪ್ಪಿಸಿದ್ದಾನೆ. ಮೇಲಿನವರೂ ಆತನ ಅಂಕಿಯನ್ನು ಎರಡನೆಯ ಸಲ ಕೇಳುವುದಿಲ್ಲ. ಈ ವಾರ ಆತ ಬಿಂಡಿಗನವಿಲೆಯಲ್ಲಿದ್ದಾನೆ. ನಕ್ಷೆಯಲ್ಲಿ ಕೆರೆ ಎಂದಿರುವ ಕಡೆ ಕುರಿ ಮೇಯುತ್ತಿವೆ; ಆತ ಕೆರೆಯಂಗಳದಲ್ಲಿ ಈ ದಡದಿಂದ ಆ ದಡಕ್ಕೆ ಹೆಜ್ಜೆ ಹಾಕಿ, ನೀರು ಎಲ್ಲಿಯವರೆಗೆ ಉಳಿದಿದೆಯೆಂದು ಅಳೆಯುತ್ತಿದ್ದಾನೆ.