ನಿಂತವರನ್ನು ಮಾತ್ರ ಬರೆಯತಕ್ಕದ್ದು

ಚಿತ್ತಾಪುರದ ಸರಕಾರಿ ಶಾಲೆಯಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿದ್ದೆ. ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ ಇಟ್ಟಿರುತ್ತಿದ್ದರು. ಸಣ್ಣ ತರಗತಿಯವರೂ ಅದನ್ನೇ ಬರೆಯುತ್ತಿದ್ದರು, ದೊಡ್ಡ ತರಗತಿಯವರೂ ಅದನ್ನೇ. ಹೂಜಿ ಅಲುಗಾಡುತ್ತಿರಲಿಲ್ಲ, ಹುಡುಗರೂ ಅಲುಗಾಡುತ್ತಿರಲಿಲ್ಲ. ಹೀಗಾಗಿ ತಪಾಸಣೆಗೆ ಬಂದ ಸಾಹೇಬರೆಲ್ಲ ನನ್ನ ಪಾಠವನ್ನು ಮೆಚ್ಚಿಕೊಂಡು ಹೋಗುತ್ತಿದ್ದರು.

ನಿಜಾಮರ ರಾಜ್ಯವಾದ್ದರಿಂದ ಶುಕ್ರವಾರ ನಮಗೆ ರಜೆ. ಅವತ್ತು ಬೆಳಗಿನ ಗಾಡಿ ಹಿಡಿದು ವಾಡಿ ಜಂಕ್ಷನ್ನಿಗೆ ಹೋಗುತ್ತಿದ್ದೆ. ಮುಂಬಯಿ ಕಡೆಯಿಂದ ಬಂದವರು ಅಲ್ಲಿ ಇಳಿದು ಹೈದರಾಬಾದಿನ ಗಾಡಿ ಹತ್ತಬೇಕು. ನಡುವೆ ನಿಜಾಮ ಸರಕಾರದ ಕರೋಡಗಿರಿಯವರು ಪ್ರತಿಯೊಬ್ಬರ ಗಂಟುಮೂಟೆ ಬಿಚ್ಚಿ, ಸುಂಕಕ್ಕೆ ಏನಾದರೂ ಸಿಗುತ್ತದೆಯೇ ಎಂದು ನೋಡುತ್ತಿದ್ದರು. ಅವರ ಕೈಯಿಂದ ಬಿಡಿಸಿಕೊಂಡ ಮೇಲೆ ಯಾರೂ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಅರ್ಧ ಕಟ್ಟಿದ ಗಂಟಿನಿಂದ ಧೋತರ ಜೋಲಾಡಿಸಿಕೊಂಡು ಶಹಾಬಾದದ ಕಲ್ಲಿನ ವ್ಯಾಪಾರಿ ಓಡುತ್ತಿದ್ದ. ಕಂಕುಳಲ್ಲಿ ಕೋಳಿ ಇಟ್ಟುಕೊಂಡ ಹೆಂಗಸು, ತಾನೂ ಕೋಳಿಯಂತೆಯೇ ಕತ್ತು ಮುಂದೆ ಚಾಚಿ ಓಡುತ್ತಿದ್ದಳು. ನನಗೆ ಬೇಕಾದದ್ದು ಇದೇ.

ಓಡುವವರನ್ನು ಬರೆಯುವಾಗ ಮುಖಕ್ಕೆ ಹೋಗಬಾರದು. ಮೊದಲು ಕುಂಚದಿಂದ ನೀರುಬಣ್ಣದ ಒಂದೇ ಬೀಸು: ಮೈ ಯಾವ ಕಡೆ ವಾಲಿದೆ ಎಂದು ತೋರುವಷ್ಟು. ಅದು ಆರುವ ಮೊದಲೇ ಕಪ್ಪು ಶಾಯಿಯಲ್ಲಿ ಸೊಂಟ, ಮೊಣಕಾಲು, ಹಿಮ್ಮಡಿ. ಒದ್ದೆಯಲ್ಲಿ ಶಾಯಿ ಹರಡಿಕೊಂಡರೆ ಪಾದದ ಬಳಿ ತಾನೇ ಧೂಳೆದ್ದಂತೆ ಕಾಣುತ್ತದೆ. ನೋಡಿದವರು ಅದನ್ನು ನನ್ನ ಕೈಚಳಕ ಎನ್ನುತ್ತಿದ್ದರು. ನಾನು ಅಲ್ಲವೆನ್ನುತ್ತಿರಲಿಲ್ಲ.

ಸ್ಟೇಷನ್ನಿನಲ್ಲಿ ಹಿಂದೂ ನೀರು, ಮುಸಲ್ಮಾನ್ ನೀರು ಬೇರೆ ಬೇರೆ. ಲೋಟ ಒಡ್ಡಿದರೆ ನೀರು ಹಾಕುವವನು ಕೇಳುತ್ತಿದ್ದ, "ಕುಡಿಲಿಕ್ಕೇನ್ರಿ, ಬಣ್ಣಕ್ಕೇನ್ರಿ?"

"ಬಣ್ಣಕ್ಕ."

"ಹಂಗಾದ್ರ ಯಾವ್ದರೆ ತಗೋರಿ. ಬಣ್ಣದ್ದು ಏನೂ ಹೇಳಿಲ್ಲ ನಮಗ."

ಆಗ ಯುದ್ಧದ ಕಾಲ. ಹಾಳೆ ಹಿಡಿದು ಸ್ಟೇಷನ್ನಿನಲ್ಲಿ ಕುಳಿತವನೆಲ್ಲ ಗೂಢಚಾರ. ಒಂದು ಶುಕ್ರವಾರ ಪೋಲೀಸ್ ಜವಾನನೊಬ್ಬ ನನ್ನನ್ನು ಹಾಳೆಗಳ ಸಮೇತ ಅಮೀನ್ ಸಾಹೇಬರ ಮುಂದೆ ನಿಲ್ಲಿಸಿದ. ಅಮೀನ್ ಎಂದರೆ ಆ ಸೀಮೆಗೆ ಪೋಲೀಸ್ ದೊಡ್ಡವರು, ದೇಹದಲ್ಲಿಯೂ ದೊಡ್ಡವರು. ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ, ಕೆಲವನ್ನು ತಲೆಕೆಳಗೆ ಹಿಡಿದೂ ನೋಡಿದರು.

"ಬರೇ ಕಾಲೇ ಅದಾವಲ್ಲ ಮಾಸ್ತರ್ರೇ. ಇವರೆಲ್ಲ ಎಲ್ಲಿಗಿ ಓಡ್ಲಿಕತ್ತಾರ?"

"ಗಾಡಿಗ್ರಿ."

"ಸರಕಾರದ ರಾಜ್ಯದಾಗ ಎಲ್ಲಾರೂ ಓಡಿ ಹೋಗ್ಲಿಕತ್ತಾರ ಅಂತ ಯಾರರೆ ತಿಳ್ಕೊಂಡ್ರ? ಇನ್ನ ಮ್ಯಾಲ ನಿಂತವರನ್ನಷ್ಟೇ ಬರೀರಿ."

ಈ ಹುಕುಂ ಪಾಲನೆಯಾಗುವುದನ್ನು ನೋಡಿಕೊಳ್ಳಲು ಆ ಜವಾನನನ್ನೇ ನನ್ನ ಪಕ್ಕಕ್ಕೆ ನಿಲ್ಲಿಸಿದರು.

ಜವಾನ ನಿಷ್ಠಾವಂತ. ಮುಂದಿನ ವಾರ ಓಡಿ ಬಂದವರನ್ನೆಲ್ಲ ಲಾಠಿ ಅಡ್ಡ ಹಿಡಿದು ತಡೆದ. "ನಿಂದ್ರಿ! ಮಾಸ್ತರ್ರು ಚಿತ್ರ ಬರಿಲಿಕತ್ತಾರ!" ಅವನು ತಡೆದ ಜನ ಮೀಸೆ ತಿರುವಿಕೊಂಡು, ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಗಾಡಿ ಹೋಗುತ್ತಿತ್ತು. ಆಮೇಲೆ ಅವರು ನನ್ನನ್ನೂ ನನ್ನ ವಂಶವನ್ನೂ ಬೈಯುತ್ತಿದ್ದರು. ಆ ಚಿತ್ರಗಳೋ, ಗೋಡೆಗೆ ಒರಗಿಸಿಟ್ಟ ಜೋಳದ ಚೀಲಗಳ ಹಾಗಿದ್ದವು.

ಹಾಳೆ ನೋಡನೋಡುತ್ತ ಜವಾನನಿಗೇ ಬೇಸರ ಬಂತು. "ಮದಲಿನವು ಛಂದಿದ್ದುವಲ್ರಿ ಮಾಸ್ತರ," ಎಂದ. "ಇವು ಸತ್ತವರಂಗ ಕಾಣ್ತಾವ."

"ನಿಮ್ಮ ಸಾಹೇಬರ ಹುಕುಂ ಅಲ್ಲೇನಪ?"

ಅವನು ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅತ್ತಿತ್ತ ನೋಡಿ ಎದೆ ತುಂಬ ಉಸಿರು ಎಳೆದುಕೊಂಡು, "ಗಾಡಿ ಬಿಡ್ತು! ಗಾಡಿ ಬಿಡ್ತು!" ಎಂದು ಇಡೀ ಸ್ಟೇಷನ್ನಿಗೆ ಕೇಳುವಂತೆ ಕೂಗಿಬಿಟ್ಟ.

ಗಾಡಿ ಕದಲಿರಲಿಲ್ಲ, ಇಂಜಿನ್ ಇನ್ನೂ ನೀರು ಕುಡಿಯುತ್ತಿತ್ತು. ಆದರೆ ಪ್ಲಾಟ್‌ಫಾರ್ಮ್ ಪೂರ್ತಿ ಎದ್ದು ಓಡಿತು. ನಾನು ಕುಂಚ ಅದ್ದುವಷ್ಟರಲ್ಲಿ ಎಲ್ಲರಿಗಿಂತ ಮುಂದೆ ಒಂದು ದೊಡ್ಡ ಹೊಟ್ಟೆ ಬಂತು. ಒಂದು ಕೈ ಟೋಪಿಯ ಮೇಲೆ, ಇನ್ನೊಂದು ಕೈ ಎದೆಗವಚಿಕೊಂಡ ಹಿತ್ತಾಳೆಯ ಪಾನ್‌ದಾನದ ಮೇಲೆ. ಒಂದು ಬೂಟಿನ ಲಾಡಿ ಬಿಚ್ಚಿ ಹಿಂದೆ ಬರುತ್ತಿತ್ತು. ಅಮೀನ್ ಸಾಹೇಬರು! ಸೇಡಮ್ಮಿಗೆ ಹೊರಟಿದ್ದ ತಮ್ಮ ಅತ್ತೆಯನ್ನು ಗಾಡಿ ಹತ್ತಿಸಲು ಬಂದವರು, ಅತ್ತೆಯನ್ನು ಟ್ರಂಕಿನ ಮೇಲೆ ಕೂರಿಸಿ ಅವರ ಎಲೆಯಡಿಕೆಯ ಪಾನ್‌ದಾನ ಹಿಡಿದುಕೊಂಡೇ ಚಹಾ ಕುಡಿಯಲು ಹೋಗಿದ್ದರಂತೆ. ಬರೆಯಬಾರದು ಎಂದು ನನಗೆ ಹೊಳೆಯುವ ಮೊದಲೇ ಕೈ ಬರೆದು ಮುಗಿಸಿತ್ತು. ಅಷ್ಟು ಒಳ್ಳೆಯ ಓಟ ನನ್ನ ಕುಂಚಕ್ಕೆ ಅದುವರೆಗೆ ಸಿಕ್ಕಿರಲಿಲ್ಲ.

ಗಾಡಿ ನಿಂತೇ ಇದ್ದದ್ದನ್ನು ಕಂಡು ಸಾಹೇಬರು ಏದುಸಿರು ಬಿಡುತ್ತ ನಮ್ಮ ಕಡೆ ಬಂದರು. ಅವರ ಹಿಂದೆ ಬುರಖಾದ ಮುದುಕಿ, ನಿಧಾನವಾಗಿ.

ಸಾಹೇಬರು ಹಾಳೆಯನ್ನು ನೋಡಿದರು. "ಇವ ಯಾರು?"

ನಾನು ಕುಂಚ ತೊಳೆಯತೊಡಗಿದೆ. ಜವಾನನೇ ಹೇಳಿದ: "ಮುಖ ಇಲ್ರಿ ಸಾಹೇಬ್ರೇ. ಯಾವನೋ ದಲ್ಲಾಳಿ ಇರಬೇಕು."

"ಕೈಯಾಗ ಪಾನ್‌ದಾನ ಅದಲ್ಲ?"

"ಗಂಟ್ರಿ," ಎಂದೆ ನಾನು.

ಸಾಹೇಬರು ಪಾನ್‌ದಾನವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು. ಮುದುಕಿ ಮಾತ್ರ ಬಗ್ಗಿ ನೋಡಿ ಬುರಖಾದೊಳಗೇ ನಗತೊಡಗಿದರು.

"ಅಯ್ಯ, ಇದು ನಮ್ಮ ಅಳಿಯನೇ! ಲಗ್ನ ಆದಾಗಿಂದ ನನ್ನ ಸಾಮಾನ ಹೊತ್ತು ಓಡಿದ್ದು ಇವತ್ತೇ ನೋಡೀನಿ. ಮಾಸ್ತರ, ಇದು ನನಗ ಬೇಕು."

"ಅಮ್ಮಾ, ಮನ್ಯಾಗ ತಸ್ವೀರು ಹಾಕಬಾರದು," ಎಂದರು ಸಾಹೇಬರು, ಧರ್ಮ ನೆನಪಾಗಿ.

"ಮುಖ ಎಲ್ಲದ ಇದಕ್ಕ? ಮುಖ ಇಲ್ಲಂದ್ರ ಗುನ್ಹಾ ಇಲ್ಲ," ಎಂದರು ಅತ್ತೆ. ಹಸಿ ಹಾಳೆಯನ್ನು ಊದಿ ಆರಿಸುತ್ತ ಹೆಂಗಸರ ಜನಾನಾ ಡಬ್ಬಿ ಹತ್ತಿದರು. ಸೇಡಂ ಶಾಲೆಯ ಮಾಸ್ತರೊಬ್ಬ ಆಮೇಲೆ ಹೇಳಿದ: ಆ ಚಿತ್ರಕ್ಕೆ ಕಟ್ಟು ಹಾಕಿಸಿ, ಅಳಿಯ ಊಟಕ್ಕೆ ಕೂರುವ ಜಾಗದ ಎದುರಿಗೇ ತೂಗುಹಾಕಿದ್ದಾರಂತೆ.

ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಶಿಕ್ಷೆ ಕೊಟ್ಟರೆ ಚಿತ್ರದಲ್ಲಿರುವವರು ಯಾರೆಂದು ಸಾಹೇಬರೇ ಬರೆದುಕೊಡಬೇಕಾಗುತ್ತಿತ್ತು. ಜವಾನನನ್ನು ಮಾತ್ರ ಚಿಂಚೋಳಿಗೆ ವರ್ಗ ಮಾಡಿದರು, ಅಲ್ಲಿ ರೈಲೇ ಇಲ್ಲ. ನಾನು ವಾಡಿಗೆ ಹೋಗುತ್ತಲೇ ಇದ್ದೆ. ಅಮೀನ್ ಸಾಹೇಬರು ನನ್ನನ್ನು ಕಂಡ ಕೂಡಲೇ ನಡಿಗೆಯನ್ನು ನಿಧಾನ ಮಾಡುತ್ತಿದ್ದರು.

ಮುಂದೆ ಯಾವುದೋ ಕೆಲಸಕ್ಕೆ ಚಿಂಚೋಳಿಗೆ ಹೋದಾಗ ಅದಕ್ಕೆ ಹತ್ತಿಕೊಂಡ ಚಂದಾಪುರದ ಬಜಾರಿನಲ್ಲಿ ಜವಾನ ಸಿಕ್ಕ. ದಪ್ಪಗಾಗಿದ್ದ.

"ಹ್ಯಾಂಗದ ಈ ಊರು?" ಎಂದು ಕೇಳಿದೆ.

"ಭಾಳ ಬ್ಯಾಸರ್ರಿ ಮಾಸ್ತರ. ಇಲ್ಲಿ ಯಾರೂ ಓಡಂಗಿಲ್ಲ. ಕಳ್ಳರೂ ನಡಕೊಂತೇ ಹೋಗ್ತಾರ, ನಾವೂ ನಡಕೊಂತೇ ಹಿಡಿತೀವಿ."

ಹೀಗೆಂದು ಕಾಲಿಗೆ ಸುತ್ತಿದ ಪಟ್ಟಿ ಬಿಗಿದುಕೊಳ್ಳಲು ಬಗ್ಗಿದ. ನಾನು ಚೀಲದಿಂದ ಹಾಳೆ ತೆಗೆದೆ. ಅವನು ನೆಟ್ಟಗಾಗುವ ಹೊತ್ತಿಗೆ ಬೆನ್ನೂ ಮೊಣಕೈಯೂ ಬಂದಿದ್ದವು. ಉಳಿದದ್ದನ್ನು, ಓಡುವ ಎರಡು ಕಾಲುಗಳನ್ನು, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ತುಂಬಿ, ಹಾಳೆಯನ್ನು ಅವನಿಗೇ ಕೊಟ್ಟು ಊರಿಗೆ ಹೊರಟೆ.