ಎರಡು ಕೈ ನೂತ ಶಾಲು

“ಅರವತ್ತು ವರ್ಷದಿಂದ ಈ ಉಣ್ಣೆ ನೂಲ್ತಿದ್ದೀನಿ, ಅದನ್ನ ಕೊಟ್ಟ ಮೇಕೆ ಮುಖ ಮಾತ್ರ ಇವತ್ತಿನವರೆಗೂ ಕಂಡಿಲ್ಲ. ಲಡಾಖಿನ ಆಚೆ, ಚಾಂಗ್‌ಥಾಂಗಿನ ಬಯಲಲ್ಲಿ ಇರುತ್ವಂತೆ. ಅಲ್ಲಿನ ಚಳಿಗೆ ಒರಟು ಕೂದಲಿನ ಅಡಿಗೆ ಮೆತ್ತನೆ ಒಳಗೂದಲು ಹುಟ್ಟುತ್ತಂತೆ. ಚಳಿ ಕಳೆದ್ಮೇಲೆ ಅದು ಮೇಕೆಗೇ ಬೇಡ. ಬಾಚಿ ತೆಗೀತಾರೆ. ನಮ್ಮನೆಗೆ ಬರೋ ಹೊತ್ತಿಗೆ ಜಿಡ್ಡು, ಧೂಳು, ವಾಸನೆ ಎಲ್ಲಾ ಇರುತ್ತೆ. ಅಕ್ಕಿಹಿಟ್ಟು ಉದುರಿಸಿ ಇಟ್ಟರೆ ಜಿಡ್ಡು ಬಿಡುತ್ತೆ. ಆಮೇಲೆ ಕೈಗೆ ತಗೊಂಡ್ರೆ ಏನೂ ಇಲ್ಲ ಅನ್ಸುತ್ತೆ, ಉಸಿರು ಬಿಟ್ಟರೆ ಹಾರಿಹೋಗುತ್ತೆ. ಆ ಏನೂ ಇಲ್ಲದ್ದನ್ನ ಎಳೆ ಮಾಡೋದು ನನ್ನ ಕೆಲಸ. ಎಷ್ಟು ಮದುಮಕ್ಕಳ ಹೆಗಲ ಮೇಲೆ ನನ್ನ ನೂಲು ಕೂತಿದೆಯೋ ಏನೋ. ಒಂದು ಸಲ ನನ್ನ ಹೆಗಲ ಮೇಲೂ ಕೂರಲಿ. ಹಾಸು, ಹೊಕ್ಕು, ಎಲ್ಲಾ ನನ್ನ ಕೈದೇ ಆಗಿರಬೇಕು. ಬೇರೆಯವರ ಒಂದು ಎಳೆನೂ ಬೇಡ.”

ಶ್ರೀನಗರದ ನವಾಕದಲ್ ಕೇರಿಯ ಮುಖ್ತಿ ಈ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಸೊಸೆ ದಿಲ್ಶಾದಾ ಪಕ್ಕದಲ್ಲಿ ಉಪ್ಪಿನ ಚಹಾ ಬಗ್ಗಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಕೊನೆಯ ಮಾತು ತನಗೇ ಎಂದು ಅವಳಿಗೆ ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ರಾಟೆಯ ಮುಂದೆ ಕೂತು ನೂತ ಎಳೆಯನ್ನು ನೋಡಿ ಅತ್ತೆ, “ಚೆನ್ನಾಗಿದೆ, ಹಸು ಕಟ್ಟಬಹುದು,” ಅಂದಿದ್ದಳು. ಆಮೇಲೆ ಹದಿನಾಲ್ಕು ವರ್ಷ ದಿಲ್ಶಾದಾ ಅದನ್ನು ಮುಟ್ಟಿರಲಿಲ್ಲ.

ನೇಕಾರ ಸುಭಾನನ ಮಗ್ಗ ಚಳಿಗಾಲದ ಕೊನೆಯಲ್ಲಿ ಕೆಲವು ವಾರ ಖಾಲಿ ಇರುವುದಿತ್ತು. ಆಗ ಮುಖ್ತಿಯ ಶಾಲು ನೇಯ್ದು ಕೊಡುವುದಾಗಿ ಅವನು ಒಪ್ಪಿದ್ದ. ಹಾಸಿನ ನೂಲು ಪೂರ್ತಿ ಆಯಿತು, ಹೊಕ್ಕಿನದು ಅರ್ಧ ಆಯಿತು, ಅಷ್ಟರಲ್ಲಿ ಮುಖ್ತಿಯ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ರಾಟೆ ಮುಟ್ಟಬೇಡಿ ಎಂದರು ಡಾಕ್ಟರು. ಮುಖ್ತಿ ತನ್ನ ಉದ್ದ ನಿಲುವಂಗಿ ಫೆರನ್ನಿನೊಳಗೆ ಕೆಂಡದ ಬುಟ್ಟಿ ಕಾಂಗಡಿ ಇಟ್ಟುಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕೂತಲ್ಲೇ ನರಳಿದಳು. ನೋವಿಗಲ್ಲ, ನೂಲಿಗೆ.

ಪಟ್ಟಿ ಬಿಚ್ಚಿದ ಮೇಲೆ ಬುಟ್ಟಿ ನೋಡಿದರೆ ಲಡಿಗಳು ತುಂಬಿದ್ದವು.

“ಇಷ್ಟೊಂದು ಯಾವಾಗ ನೂತೆ ನಾನು?”

“ನೀವೇ ನೂತಿದ್ದು ಮೌಜೀ, ಮರ್ತಿದ್ದೀರ,” ಅಂದಳು ದಿಲ್ಶಾದಾ.

ಮುಖ್ತಿಗೆ ತನ್ನ ಕೈಯ ಬಗ್ಗೆ ಯಾವತ್ತೂ ಅನುಮಾನ ಇರಲಿಲ್ಲ. ಖುಷಿಯಾಗಿ ನಂಬಿದಳು, ಬುಟ್ಟಿ ಸುಭಾನನ ಮನೆಗೆ ಹೋಯಿತು.

ನಾಲ್ಕೇ ದಿನಕ್ಕೆ ಅವನಿಂದ ಕರೆ ಬಂತು. ಅತ್ತೆ ಸೊಸೆ ಇಬ್ಬರೂ ಹೋದರು. ಮಗ್ಗದ ಮೇಲೆ ಒಂದು ಗೇಣು ನೇಯ್ದಿತ್ತು. ಅದರಲ್ಲಿ ಅಡ್ಡಕ್ಕೆ ಮಬ್ಬಾದ ಪಟ್ಟೆಗಳು ಬಿದ್ದಿದ್ದವು.

“ಅಕ್ಕಾ, ಈ ನೂಲಲ್ಲಿ ಎರಡು ಕೈ ಇದೆ,” ಅಂದ ಸುಭಾನ.

“ಇರಲ್ವೇನೋ ಮತ್ತೆ? ಒಂದೇ ಕೈಯಲ್ಲಿ ನೂಲಕ್ಕಾಗುತ್ತಾ?”

“ಹಂಗಲ್ಲ. ಒಂದರ ಹುರಿ ಸಡಿಲ, ಒಂದರದ್ದು ಬಿಗಿ. ಇಬ್ಬರು ನೂತಿದ್ದಾರೆ.”

“ನನ್ನ ರಾಟೆ, ನನ್ನ ಮನೆ. ಇನ್ನೊಬ್ಬರು ಯಾರೋ ಬರ್ತಾರೆ?”

ಸುಭಾನ ದಿಲ್ಶಾದಾಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. “ಮಗ್ಗ ತಪ್ಪಿಹೋಗುತ್ತೆ ಅಂತ ದಿನಾ ಗೋಳಾಡ್ತಿದ್ರಿ ಮೌಜೀ. ನೀವು ಮಲಗಿದಾಗ ಕೂತ್ಕೋತಿದ್ದೆ. ಹಸು ಕಟ್ಟೋದಕ್ಕಾದ್ರೂ ಬರುತ್ತೆ ಅಂತ.”

ಮುಖ್ತಿ ಉಳಿದ ಲಡಿಗಳ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಒಂದೊಂದನ್ನೇ ತುಟಿಗೆ ತಾಗಿಸಿ ನೋಡಿದಳು. ಬೆರಳು ಸುಳ್ಳು ಹೇಳಬಹುದು, ತುಟಿ ಹೇಳುವುದಿಲ್ಲ ಎಂಬುದು ಅವಳ ಲೆಕ್ಕ. “ನನ್ನದು. ನನ್ನದು. ಇದು ಹಗ್ಗ. ನನ್ನದು. ಹಗ್ಗ.” ಎರಡು ಗುಡ್ಡೆ ಬೆಳೆದವು. ಕೊನೆಯ ಲಡಿಯನ್ನು ಮಾತ್ರ ಎರಡು ಸಲ ತುಟಿಗೆ ತಾಗಿಸಿ ತನ್ನ ಗುಡ್ಡೆಗೆ ಹಾಕಿದಳು.

“ಅದು ನಂದು,” ಅಂದಳು ದಿಲ್ಶಾದಾ ಮೆಲ್ಲಗೆ. “ಕೊನೇ ವಾರದ್ದು.”

ಮುಖ್ತಿ ಕಣ್ಣು ತೆರೆದು ಅದನ್ನೆತ್ತಿ ಮತ್ತೆ ತುಟಿಗೆ ಒತ್ತಿದಳು. ಸುಭಾನ ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿದ.

“ನಗು ಬಂದ್ರೆ ನಕ್ಕುಬಿಡೋ. ಈಗ ಏನು ಮಾಡೋಣ ಹೇಳು.”

“ನಿಮ್ಮ ನೂಲೊಂದೇ ಹಾಕಿದ್ರೆ ತಲೆಗೆ ಸುತ್ಕೊಳೋ ಅಷ್ಟಾಗುತ್ತೆ. ಶಾಲು ಆಗಲ್ಲ. ಇಲ್ಲಾಂದ್ರೆ ಈ ಗೇಣು ಬಿಚ್ತೀನಿ. ಎರಡು ಲಾಳಿ ಇಟ್ಕೊಂಡು ಒಂದೆಳೆ ನಿಮ್ದು, ಒಂದೆಳೆ ಸೊಸೇದು, ಹಂಗೇ ಕೊನೇವರೆಗೂ. ಪಟ್ಟೆ ಕಾಣಲ್ಲ. ಯಾವುದು ಯಾರದ್ದು ಅಂತ ಆಮೇಲೆ ನಿಮ್ಮ ತುಟಿಗೂ ಗೊತ್ತಾಗಲ್ಲ.”

ಒಂದೆಳೆಯೂ ಬೇರೆಯವರದು ಬೇಡ ಎಂದವಳು ಎರಡು ಗುಡ್ಡೆಗಳನ್ನೂ ಒಂದೇ ಬುಟ್ಟಿಗೆ ತಳ್ಳಿದಳು.

“ಮಂಡಿವರೆಗೂ ಬರಬೇಕು ನನಗೆ. ಹಾಕು.”

ದಾರಿಯಲ್ಲಿ ದಿಲ್ಶಾದಾ ಕೇಳಿದಳು: “ಅರ್ಧ ನಂದು ತಾನೇ ಮೌಜೀ? ನನಗೆ ಯಾವ ದಿನ ಹೊದೆಯಕ್ಕೆ ಕೊಡ್ತೀರಿ?”

“ಶುಕ್ರವಾರ ನಾನು ಹೊದೀತೀನಿ.”

“ಮಿಕ್ಕ ದಿನ?”

“ಮಿಕ್ಕ ದಿನ ಮಡಿಸಿಡ್ತೀನಿ. ನೀನು ಮಡಿಸಕ್ಕೆ ಸಹಾಯ ಮಾಡು.”

ಮಾರನೆಯ ಬೆಳಿಗ್ಗೆ ಮುಖ್ತಿ ನೆನೆಹಾಕಿದ್ದ ಅಕ್ಕಿಯನ್ನು ಕುಟ್ಟಿ ಜರಡಿ ಹಿಡಿದಳು. ಬಾಚಿಟ್ಟಿದ್ದ ಹೊಸ ಉಣ್ಣೆಯ ಮೇಲೆ ಹಿಟ್ಟು ಉದುರಿಸಿದಳು. ರಾಟೆಯ ಮುಂದಿನ ಚಾಪೆಯನ್ನು ಕಾಲಿನಿಂದ ಸೊಸೆಯ ಕಡೆಗೆ ಸರಿಸಿದಳು. ದಿಲ್ಶಾದಾ ಕೂತು, ಕದಿರನ್ನು ಹಿಡಿದಿಡುವ ಹುಲ್ಲಿನ ಬಳೆಗಳನ್ನು ನೀರಿನಲ್ಲಿ ನೆನೆಸಿ ರಾಟೆಗೆ ಸಿಕ್ಕಿಸಿದಳು.

“ಎಳೀಬೇಡ, ಅದೇ ಬರುತ್ತೆ,” ಅಂದಳು ಮುಖ್ತಿ, ಜರಡಿಯನ್ನು ತಟ್ಟುತ್ತಾ.