ಸೇವಾ ಪುಸ್ತಕದ ಆ ಒಂದು ಹಾಳೆ

ಕೆಂಪಮ್ಮ, ನಿಮ್ಮನ್ನು ಪೋಲೆಂಡಿಗೆ ಹೋಗದಂತೆ ತಡೆದವನು ನಾನು. ನಿಮ್ಮಪ್ಪ ಅಲ್ಲ. ಏಳು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮ ನಮಸ್ಕಾರಕ್ಕೆ ಪ್ರತಿನಮಸ್ಕಾರ ಹೇಳಿಕೊಂಡು ಓಡಾಡಿದ್ದೇನೆ.

ನಾವು ಕೆಲಸ ಮಾಡಿದ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ನೀವು ಸಸ್ಯಶಾಸ್ತ್ರ ವಿಭಾಗದ ಅಟೆಂಡರ್. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಹೊಲಿದು ಬೀರುವಿನಲ್ಲಿಡುವುದು ನಿಮ್ಮ ಕೆಲಸ. ನಾನು ಆಡಳಿತ ಕಚೇರಿಯ ಸೂಪರಿಂಟೆಂಡೆಂಟ್, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ಬಂದು ಹೋಗುವವನು. ಬೋಧಕೇತರ ಸಿಬ್ಬಂದಿಯಲ್ಲಿ ಒಬ್ಬರನ್ನು ಎರಡು ವಾರ ವಿದೇಶಕ್ಕೆ ಕಳಿಸಿ, ಅಲ್ಲಿಯವರೊಬ್ಬರನ್ನು ಇಲ್ಲಿಗೆ ಕರೆಸುವ ಯೋಜನೆ ಬಂತಲ್ಲ — ಅದರ ಪತ್ರವ್ಯವಹಾರವೆಲ್ಲ ನನ್ನದೇ. ಹಾಗಾಗಿ ಹೋಗುವವನೂ ನಾನೇ ಎಂದುಕೊಂಡೆ. ನಮ್ಮ ಮಾವ ಗುಂಡ್ಲುಪೇಟೆಯ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿಬಿಟ್ಟಿದ್ದರು. ನಾನು ದಪ್ಪ ಕೋಟು ಹೊಲಿಸಿದ್ದೆ.

ಮೊದಲು ಅಲ್ಲಿಂದ ಹೆಲೆನಾ ಬಂದರು, ನಿಮ್ಮ ಹಾಗೇ ಗಿಡ ಹೊಲಿಯುವ ಹೆಂಗಸು. ಆಕೆಗೆ ಕನ್ನಡ ಬಾರದು, ನಿಮಗೆ ಇಂಗ್ಲಿಷ್ ನಾಲ್ಕು ಮಾತು. ಆದರೂ ಇಬ್ಬರೂ ದಿನವಿಡೀ ಒಂದೇ ಬೆಂಚಿನಲ್ಲಿ ಕೂತು ನಗುತ್ತಿದ್ದಿರಿ. ಭಾಷೆಯಿಲ್ಲದೆ ಅಷ್ಟೊಂದು ನಗುವುದಕ್ಕೆ ಏನಿರುತ್ತದೆ? ನಗುತ್ತಿರುವುದು ನನ್ನನ್ನು ನೋಡಿಯೇ ಎಂದು ನನಗೆ ಅನುಮಾನ. ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿಗೆ ಗಿಡ ತರಲು ಹೋದಾಗ ಆಕೆ ನಿಮ್ಮ ಕೈಗೊಂದು ಪುಟ್ಟ ಪೊಟ್ಟಣ ಕೊಟ್ಟದ್ದನ್ನು ಜೀಪಿನಿಂದ ನೋಡಿದೆ. ಅದರಲ್ಲೇನಿತ್ತು? ಯಾಕೆ ಕೊಟ್ಟರು? ಎರಡು ದಿನ ತಲೆ ಕೆಡಿಸಿಕೊಂಡೆ. ಹಾಲಿನವನು ನಕ್ಕರೂ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅನ್ನೋ ಜನ ನೀವು ಎಂದು ನನ್ನ ಹೆಂಡತಿ ಸುಮ್ಮನೆ ಹಂಗಿಸುತ್ತಿರಲಿಲ್ಲ. ಪೊಟ್ಟಣದಲ್ಲಿದ್ದದ್ದು ಸೂಜಿಗಳು. ಆಮೇಲೆ ನೀವೇ ತೋರಿಸಿದಿರಿ.

ತಿಂಗಳಾದ ಮೇಲೆ ಪೋಲೆಂಡಿನಿಂದ ಪತ್ರ ಬಂತು. ಇಲ್ಲಿಂದ ಬರುವವರು ಕೆಂಪಮ್ಮನವರೇ ಆಗಲಿ ಎಂದು ಹೆಸರು ಹಿಡಿದು ಬರೆದಿದ್ದರು. ನನಗೆ ಉರಿದುಹೋಯಿತು. ವಿಭಾಗದ ಮುಖ್ಯಸ್ಥರು ಕೈಯಾಡಿಸಿದ್ದಾರೆ ಅಂದುಕೊಂಡೆ, ಹೋದವಳು ವಾಪಸು ಬರುತ್ತಾಳೋ ಇಲ್ಲವೋ ಅಂದುಕೊಂಡೆ — ಎಲ್ಲರ ಮೇಲೂ ಸಂಶಯಪಟ್ಟೆ, ಹೊಟ್ಟೆಕಿಚ್ಚು ನನ್ನದು ಎಂಬ ಒಂದನ್ನು ಬಿಟ್ಟು.

ನಿಮ್ಮ ಪಾಸ್‌ಪೋರ್ಟಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಿತ್ತು. ಸೇವಾ ಪುಸ್ತಕದಲ್ಲಿ ನಿಮ್ಮ ಹುಟ್ಟಿದ ದಿನ ಜೂನ್ ಒಂದು. ನನ್ನದೂ ಜೂನ್ ಒಂದೇ. ನಮ್ಮ ಕಡೆ ಅರ್ಧ ಊರೇ ಜೂನ್ ಒಂದರಂದು ಹುಟ್ಟಿದೆ. ಅಪ್ಪ ಮಗುವನ್ನು ಕರೆದುಕೊಂಡು ಹೋಗಿ ಮೇಷ್ಟರ ಮುಂದೆ ನಿಲ್ಲಿಸಿದರೆ ಮೇಷ್ಟರು ಮಗುವಿನ ಎತ್ತರ ನೋಡಿ ವರ್ಷ ಬರೆಯುತ್ತಿದ್ದರು. ನಿಮ್ಮ ಶಾಲೆಯ ದಾಖಲೆಗೂ ಆಧಾರಿಗೂ ಒಂದು ವರ್ಷದ ವ್ಯತ್ಯಾಸವಿತ್ತು. ನಾನು ಕಡತದಲ್ಲಿ ಬರೆದೆ: 'ಜನ್ಮ ದಿನಾಂಕ ತಾಳೆಯಾಗುತ್ತಿಲ್ಲ. ಸ್ಪಷ್ಟೀಕರಣ ಪಡೆದು ಮಂಡಿಸಬಹುದು.'

ಆ ಸ್ಪಷ್ಟೀಕರಣ ಎಂದೋ ಆಗಿಹೋಗಿತ್ತು, ಕೆಂಪಮ್ಮ. ನೀವು ಕಾಯಂ ಆದ ವರ್ಷವೇ ಪ್ರಮಾಣಪತ್ರ ಪಡೆದು, ಒಪ್ಪಿ, ಆದೇಶದ ಹಾಳೆಯನ್ನು ನಿಮ್ಮ ಸೇವಾ ಪುಸ್ತಕಕ್ಕೆ ಅಂಟಿಸಿದ್ದವನು ನಾನೇ. ಅಂದು ನೀವು ಸಹಿ ಹಾಕಿದ ಹತ್ತಾರು ಕಾಗದಗಳಲ್ಲಿ ಅದು ಯಾವುದೆಂದು ನಿಮಗೆ ಗೊತ್ತಿರಲಿಲ್ಲ. ಅದನ್ನು ಬಿಡಿಸಿ ನನ್ನ ಡ್ರಾಯರಿನಲ್ಲಿಟ್ಟೆ. ಇಷ್ಟೇ ನಾನು ಮಾಡಿದ್ದು — ಇಷ್ಟೇ ಎಂಬುದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

ಮೂರನೆಯ ದಿನ ನಿಮ್ಮಪ್ಪ ನಿಮ್ಮೂರು ಉಡಿಗಾಲದಿಂದ ಬಂದರು. ಕುರ್ಚಿ ತೋರಿಸಿದೆ, ಕೂರಲಿಲ್ಲ. ಟವಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತರು.

"ತೆಪ್ಪು ನಂದು ಕಣ್ ಸ್ವಾಮಿ. ಆವತ್ತು ಮೇಷ್ಟ್ರು ಕೇಳುದ್ರು, ನಾನು ಬಾಯಿಗೆ ಬಂದಂಗೆ ಯೋಳ್ಬುಟ್ಟೆ. ಮಗಿಗೆ ಯಾಕ್ ಸಿಕ್ಸೆ? ನನ್ನ ಏನಾರ ಮಾಡಿ, ಅವ್ಳು ಓಗ್ಲಿ."

ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಶಾಲೆಯ ಮೂಲ ದಾಖಲಾತಿ ಪುಸ್ತಕದ ನಕಲು ತನ್ನಿ ಎಂದೆ. ತಂದರು. ಮೇಷ್ಟರ ಸೀಲು ಸರಿಯಾಗಿ ಬಿದ್ದಿಲ್ಲ ಎಂದೆ. ಮತ್ತೆ ಹೋದರು. ಹೀಗೆ ನಾಲ್ಕು ಸಲ, ಪ್ರತಿ ಸಲವೂ ನಿಮಗಾಗಿಯೇ ಒದ್ದಾಡುತ್ತಿದ್ದೇನೆ ಎಂದು ಹೇಳಿ ಕಳಿಸಿದೆ. ಅಷ್ಟರಲ್ಲಿ ಗಡುವು ಮುಗಿಯಿತು. ಪಾಸ್‌ಪೋರ್ಟ್ ಸಿದ್ಧವಿದ್ದವನು ನಾನೊಬ್ಬನೇ, ನಾನೇ ಹೋದೆ.

ಅಲ್ಲಿ ಹೆಲೆನಾ ಕಿಟಕಿ ಪಕ್ಕದ ಒಂದು ಮೇಜು ತೋರಿಸಿದರು. ಹಾಳೆ, ದಾರ, ಎತ್ತರ ತಗ್ಗಿಸಿದ ಕುರ್ಚಿ — ನಿಮ್ಮ ಎತ್ತರ ಅವರಿಗೆ ನೆನಪಿತ್ತು. ಕೆಂಪಮ್ಮ ಯಾಕೆ ಬರಲಿಲ್ಲ ಎಂದು ಕೇಳಿದರು.

"ಅವರಿಗೆ ಆಸಕ್ತಿ ಇರಲಿಲ್ಲ," ಎಂದೆ.

ಎರಡು ವಾರ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ನನ್ನ ಮಾತನ್ನು ಆಕೆ ನಂಬಿದರೇ? ನನಗೆ ಈಗಲೂ ಸಂಶಯ.

ನಿವೃತ್ತನಾದ ದಿನ ಡ್ರಾಯರು ಖಾಲಿ ಮಾಡುವಾಗ ಆ ಹಾಳೆಯನ್ನು ಮನೆಗೆ ತಂದೆ. ಹರಿದು ಹಾಕಬಹುದಿತ್ತು, ಹಾಕಲಿಲ್ಲ. ಇದನ್ನು ಒಳ್ಳೆಯತನ ಅಂದುಕೊಳ್ಳಬೇಡಿ, ಹೆದರಿಕೆಯೂ ಇದ್ದೀತು.

ಮೊನ್ನೆ, ಹಿರಿಯರಿಗೆ ಎಡೆಯಿಡುವ ಮಾರ್ನಮಿ ಹಬ್ಬ ಕಳೆದ ಮೇಲೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿದಿರಿ. ಅಪ್ಪ ಹೋಗಿ ವರ್ಷವಾಯಿತು ಎಂದಿರಿ. ನಾನು ತಲೆಯಾಡಿಸಿ, ಹಬ್ಬ ಆಯಿತಾ ಎಂದು ಕೇಳಿದೆ.

"ಎಡೆ ಇಕ್ದೆ ಸಾರ್, ಇಕ್ಬೇಕಲ್ಲ. ಮನ್ಸು ಬರ್ನಿಲ್ಲ. ಆ ಮೇಷ್ಟ್ರ ಮುಂದೆ ನಮ್ಮಪ್ಪ ಒಂದ್ ಮಾತ್ ನೆಟ್ಗೆ ಆಡಿದ್ರೆ... ಆಮ್ಯಾಕೆ ಅವುನ್ ಕುಟೆ ಸರ್ಯಾಗಿ ಮಾತೇ ಆಡ್ನಿಲ್ಲ ನಾನು. ಸಾಯಗಂಟ ತೆಪ್ಪಾಯ್ತು ಕಣವ್ವ ಅಂತಿದ್ದ." ಬಸ್ಸು ಬಂತು. ಹತ್ತುತ್ತಾ ತಿರುಗಿದಿರಿ. "ನೀವಾರ ಪಾಪ, ನಮ್ಗೋಸ್ಕರ ಎಷ್ಟು ಒದ್ದಾಡುದ್ರಿ ಸಾರ್."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಕಳ್ಳ ಎನ್ನಲಿಲ್ಲ, ಪಾಪ ಎಂದಿರಿ. ಗುಂಡ್ಲುಪೇಟೆಗೆ ಹೋಗುವ ಎರಡು ಬಸ್ಸು ಬಿಟ್ಟು ಅಲ್ಲೇ ಕೂತಿದ್ದೆ. ನಿಮ್ಮ ಪ್ರವಾಸ ಒಂದನ್ನೇ ಕದ್ದೆ ಎಂದುಕೊಂಡಿದ್ದೆ — ನಿಮ್ಮಪ್ಪನನ್ನೂ ಕದ್ದಿದ್ದೇನೆಂದು ಗೊತ್ತಿರಲಿಲ್ಲ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅದರಲ್ಲೂ ಏನೋ ಲಾಭ ನೋಡುತ್ತಿದ್ದೇನೆ ಎಂದು ನನಗೇ ಅನುಮಾನ ಬರುತ್ತದೆ. ಹೆಲೆನಾಗೆ ನಿಜ ಬರೆದು ಕಳಿಸಿದ್ದೇನೆ. ಈ ಕಾಗದವನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ದಾರಿಯಲ್ಲಿ ಕಳೆದುಹೋಗಲಿ ಎಂದು ಆಸೆಪಡುವ ಮನುಷ್ಯ ನಾನು. ಭಾನುವಾರ ಬೆಳಿಗ್ಗೆ ಉಡಿಗಾಲಕ್ಕೆ ಬರುತ್ತೇನೆ, ಆ ಹಾಳೆಯನ್ನೂ ತರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ ಅಲ್ಲೇ ನಿಂತು ಈ ಕಾಗದ ಓದುತ್ತೇನೆ, ಗೋಡೆಯ ಮೇಲಿನ ನಿಮ್ಮಪ್ಪನ ಪಟಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ. ಎಡೆಯನ್ನು ಇನ್ನೊಮ್ಮೆ ಇಡಿ, ಕೆಂಪಮ್ಮ. ಅವರದು ಏನೂ ತಪ್ಪಿರಲಿಲ್ಲ.